ಹಂಚಿನ ಮಾಡಿನ ಕೆಳಗೆ ಇಕ್ಯೂ, ರಿವರ್ಬ್: ಪದೇ ಪದೇ ಕೇಳುವ ಪ್ರಶ್ನೆಗಳು

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನಮ್ಮ ಮನೆಯ ಅಟ್ಟದಲ್ಲಿ ಒಂದು ಹಳೆಯ ಲ್ಯಾಪ್‌ಟಾಪ್, ಎರಡು ಐದಿಂಚಿನ ಸ್ಪೀಕರ್, ಒಂದು ಹೆಡ್‌ಫೋನ್, ಒಂದು ಪುಟ್ಟ ಕೀಬೋರ್ಡ್ ಇವೆ. ಒಂದು ಬದಿಗೆ ಅಡಿಕೆ ಚೀಲಗಳು. ನನ್ನ ಸ್ಟುಡಿಯೋ ಎಂದರೆ ಇಷ್ಟೇ. ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಮನೆಯಲ್ಲೇ ಕುಳಿತು ಎಲೆಕ್ಟ್ರಾನಿಕ್ ಸಂಗೀತ ಮಾಡುವವರು ಈಗ ಅಲ್ಲಲ್ಲಿ ಸಿಗುತ್ತಾರೆ. ಸಿಕ್ಕಾಗ ಕೇಳುವ ಪ್ರಶ್ನೆಗಳು ಬಹುತೇಕ ಒಂದೇ, ಎಲ್ಲವೂ ಪ್ಲಗಿನ್‌ಗಳ ಬಗ್ಗೆ, ಅಂದರೆ ಸಂಗೀತದ ಸಾಫ್ಟ್‌ವೇರ್‌ನೊಳಗೆ ಸೇರಿಸಿಕೊಳ್ಳುವ ಪುಟ್ಟ ಉಪಕರಣಗಳ ಬಗ್ಗೆ. ಅದರಲ್ಲೂ ಎರಡು: ಸದ್ದಿನ ತಗ್ಗು, ನಡು, ಮೇಲಿನ ಭಾಗಗಳನ್ನು ಬೇರೆ ಬೇರೆಯಾಗಿ ಏರಿಸುವ, ಇಳಿಸುವ ಇಕ್ಯೂ (ಈಕ್ವಲೈಸರ್), ಮತ್ತು ಸದ್ದಿಗೆ ಒಂದು ಜಾಗದ ಅನುರಣನ ಸೇರಿಸುವ ರಿವರ್ಬ್. ಒಂದೇ ಉತ್ತರವನ್ನು ಬಸ್ ನಿಲ್ದಾಣದಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ, ಯಕ್ಷಗಾನ ಆಟದ ಚೌಕಿಯ ಹಿಂದೆ ಹೇಳಿ ಹೇಳಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ.

ಈಗಷ್ಟೇ ಶುರು ಮಾಡಿದ್ದೇನೆ. ಮೊದಲು ಯಾವ ಪ್ಲಗಿನ್ ಕೊಳ್ಳಲಿ?

ಯಾವುದೂ ಬೇಡ. ನೀವು ಬಳಸುವ ಸಾಫ್ಟ್‌ವೇರ್‌ನಲ್ಲೇ ಒಂದು ಇಕ್ಯೂ, ಒಂದು ರಿವರ್ಬ್ ಇದ್ದೇ ಇರುತ್ತವೆ. ಎಫ್‌ಎಲ್ ಸ್ಟುಡಿಯೋದಲ್ಲಿ ಪ್ಯಾರಾಮೆಟ್ರಿಕ್ ಇಕ್ಯೂ 2 ಮತ್ತು ರೀವರ್ಬ್ 2, ಏಬಲ್ಟನ್‌ನಲ್ಲಿ ಇಕ್ಯೂ ಏಯ್ಟ್, ಲಾಜಿಕ್‌ನಲ್ಲಿ ಚಾನೆಲ್ ಇಕ್ಯೂ ಮತ್ತು ಕ್ರೋಮಾವರ್ಬ್, ರೀಪರ್‌ನಲ್ಲಿ ರಿಯಾಇಕ್ಯೂ. ಇವುಗಳಲ್ಲೇ ಐದಾರು ಟ್ರ್ಯಾಕ್ ಮುಗಿಸಿ. ಮುಗಿಸುವಾಗ ಏನು ಸಾಲದು ಎಂದು ನಿಮಗೇ ತಿಳಿಯುತ್ತದೆ. ಆ ಕೊರತೆಗೆ ಹೆಸರಿಡಲು ಬಂದ ದಿನ ಅಂಗಡಿಗೆ ಹೋದರೆ ಸಾಕು.

ದುಬಾರಿ ಇಕ್ಯೂವಿನ ಧ್ವನಿ ಚೆನ್ನಾಗಿಯೇ ಇರುತ್ತದಲ್ಲವೇ?

ಈ ನಂಬಿಕೆಗೆ ನಾನೂ ಒಂದು ವರ್ಷ ತೆತ್ತಿದ್ದೇನೆ. ನಿಜ ಏನೆಂದರೆ, ಬಣ್ಣ ಸೇರಿಸದ ಸಾದಾ ಡಿಜಿಟಲ್ ಇಕ್ಯೂಗಳ ನಡುವೆ ಧ್ವನಿಯ ವ್ಯತ್ಯಾಸ ಬಹಳ ಕಡಿಮೆ. ನನ್ನ ಮಾತು ನಂಬಬೇಡಿ, ಪರೀಕ್ಷಿಸಿ. ಒಂದೇ ಟ್ರ್ಯಾಕಿನ ಎರಡು ಪ್ರತಿ ಮಾಡಿ. ಒಂದಕ್ಕೆ ಪುಕ್ಕಟೆ ಇಕ್ಯೂ, ಇನ್ನೊಂದಕ್ಕೆ ದುಬಾರಿ ಇಕ್ಯೂ ಹಾಕಿ. ಎರಡರಲ್ಲೂ ಒಂದೇ ಆಕಾರದ ವಕ್ರರೇಖೆ ಬರುವಂತೆ ಹೊಂದಿಸಿ. ಆಮೇಲೆ ಒಂದರ ಪೋಲಾರಿಟಿ ತಿರುಗಿಸಿ, ಅಂದರೆ ಅದರ ಅಲೆಯನ್ನು ತಲೆಕೆಳಗು ಮಾಡಿ, ಎರಡನ್ನೂ ಒಟ್ಟಿಗೆ ನುಡಿಸಿ. ಎರಡೂ ಒಂದೇ ಆಗಿದ್ದರೆ ಪರಸ್ಪರ ಕಳೆದುಹೋಗಿ ಮೌನ ಉಳಿಯುತ್ತದೆ.

ಇದರಲ್ಲಿ ಎರಡು ತೊಡಕುಗಳಿವೆ. ಕ್ಯೂ ಎನ್ನುವ ಅಗಲದ ಅಂಕಿಯನ್ನು ಒಬ್ಬೊಬ್ಬ ತಯಾರಕರು ಒಂದೊಂದು ರೀತಿ ಲೆಕ್ಕ ಹಾಕುತ್ತಾರೆ. ಆದ್ದರಿಂದ ಅಂಕಿ ಒಂದೇ ಇಟ್ಟರೆ ಸಾಲದು, ರೇಖೆಯನ್ನೇ ಹೊಂದಿಸಬೇಕು. ಎರಡನೆಯದು, 10 ಕಿಲೋಹರ್ಟ್ಸ್‌ಗಿಂತ ಮೇಲೆ ಕೆಲವು ಇಕ್ಯೂಗಳ ರೇಖೆ ಬಲಗಡೆ ಮುದುಡುತ್ತದೆ, ಕೆಲವದು ಮುದುಡುವುದಿಲ್ಲ. ಅಲ್ಲಿ ಸ್ವಲ್ಪ ಸದ್ದು ಉಳಿದೀತು. ಅಷ್ಟು ಬಿಟ್ಟರೆ ಉಳಿಯುವುದು ಮೌನವೇ. ಆ ಮೌನ ಕೇಳಿದ ರಾತ್ರಿ ನನಗೆ ಸ್ವಲ್ಪ ಹೊಟ್ಟೆ ಉರಿದದ್ದು ನಿಜ.

ಆದ್ದರಿಂದ ನನ್ನ ಲೆಕ್ಕ ಇಷ್ಟು: ಇಕ್ಯೂವಿನಲ್ಲಿ ಹಣ ಉಳಿಸಿ, ರಿವರ್ಬ್‌ಗೆ ಇಡಿ. ಇಬ್ಬರು ಮಾಡಿದ ಎರಡು ರಿವರ್ಬ್‌ಗಳು ಎಂದೂ ಒಂದೇ ಆಗಿರುವುದಿಲ್ಲ. ಇಬ್ಬರು ಮಾಡಿದ ಸಾರಿನ ಹಾಗೆ.

ಹಾಗಾದರೆ ಫ್ಯಾಬ್‌ಫಿಲ್ಟರ್ ಕಂಪನಿಯ ಪ್ರೊ-ಕ್ಯೂ ಎಂಬ ದುಬಾರಿ ಇಕ್ಯೂವನ್ನು ಎಲ್ಲರೂ ಹೊಗಳುವುದು ಸುಳ್ಳೇ?

ಸುಳ್ಳಲ್ಲ. ಅದರಲ್ಲಿ ಕೆಲಸ ಬೇಗ ಆಗುತ್ತದೆ. ದೊಡ್ಡ ಪರದೆ, 24 ಬ್ಯಾಂಡ್ (ಸದ್ದಿನ ಒಂದೊಂದು ಭಾಗವನ್ನು ಏರಿಸುವ, ಇಳಿಸುವ ಹಿಡಿಗಳು), ಬೇಕಾದ ಕಡೆ ಬೆರಳಿಟ್ಟರೆ ಆ ಭಾಗವನ್ನಷ್ಟೇ ಕೇಳಿಸುವ ಸೌಲಭ್ಯ. 2018ರ ಮೂರನೆಯ ಆವೃತ್ತಿಯಿಂದ ಡೈನಾಮಿಕ್ ಬ್ಯಾಂಡ್‌ಗಳೂ ಬಂದಿವೆ. ಅಂದರೆ ಸದ್ದು ಒಂದು ಮಟ್ಟ ಮೀರಿದಾಗ ಮಾತ್ರ ಆ ಬ್ಯಾಂಡ್ ಕೆಲಸಕ್ಕಿಳಿಯುತ್ತದೆ. ದಿನಕ್ಕೆ ಎಂಟು ಗಂಟೆ ಮಿಕ್ಸ್ ಮಾಡಿ ಹೊಟ್ಟೆ ಹೊರೆಯುವವರಿಗೆ ಅದು ಒಳ್ಳೆಯ ಕತ್ತಿ. ತಿಂಗಳಿಗೊಂದು ಟ್ರ್ಯಾಕ್ ಮಾಡುವ ನಮಗೆ ಟೋಕಿಯೋ ಡಾನ್ ಲ್ಯಾಬ್ಸ್‌ನವರ ನೋವಾ ಸಾಕು. ಡೈನಾಮಿಕ್ ಇಕ್ಯೂವೇ, ನಾಲ್ಕು ಬ್ಯಾಂಡ್, ಮೇಲೊಂದು ಕೆಳಗೊಂದು ಫಿಲ್ಟರ್, ಬೆಲೆ ಸೊನ್ನೆ. ನೋಡಲು ಚಂದವಿಲ್ಲ ಎನ್ನುವ ದೂರನ್ನು ಒಪ್ಪುತ್ತೇನೆ.

ಹಳೆಯ ಅನಲಾಗ್ ಯಂತ್ರಗಳನ್ನು ಅನುಕರಿಸುವ ಇಕ್ಯೂಗಳು?

ಅವುಗಳ ಕಥೆ ಬೇರೆ. 1951ರ ಪಲ್‌ಟೆಕ್ ಯಂತ್ರದ ಅನುಕರಣೆಗಳನ್ನು ಹಲವರು ಮಾಡುತ್ತಾರೆ. ಅದರಲ್ಲಿ ತಗ್ಗಿನ ಸದ್ದನ್ನು, ಅಂದರೆ ಬೇಸನ್ನು, ಒಂದೇ ಹೊತ್ತಿಗೆ ಏರಿಸಲೂ ಬಹುದು, ಇಳಿಸಲೂ ಬಹುದು. ಎರಡೂ ಸೇರಿದಾಗ ತಳ ಉಬ್ಬಿ, ಅದರ ಮೇಲಿನ ಭಾಗ ಸ್ವಲ್ಪ ತಗ್ಗಿದ ಒಂದು ಆಕಾರ ಬರುತ್ತದೆ. ಕಿಕ್ ಡ್ರಮ್ಮಿಗೆ ಅದು ಒಗ್ಗುತ್ತದೆ. ಅದೇ ರೇಖೆಯನ್ನು ಸಾದಾ ಇಕ್ಯೂವಿನಲ್ಲಿ ಎರಡು ಬ್ಯಾಂಡ್ ಬಳಸಿ ಎಳೆಯಬಹುದು. ಉಳಿಯುವ ವ್ಯತ್ಯಾಸ ಆ ಯಂತ್ರ ಸೇರಿಸುವ ಚೂರು ಡಿಸ್ಟಾರ್ಷನ್ ಮಾತ್ರ. ಬೇಕಿದ್ದರೆ ಕೊಳ್ಳಿ. ಆದರೆ ಕೇಳಿ ನೋಡುವಾಗ ಎರಡರ ಒಟ್ಟು ಮಟ್ಟ ಸಮ ಮಾಡಿಕೊಳ್ಳಿ. ಒಂದು ಡೆಸಿಬೆಲ್ ಜೋರಾಗಿರುವುದೆಲ್ಲ ಕಿವಿಗೆ ಒಳ್ಳೆಯದಾಗಿಯೇ ಕೇಳುತ್ತದೆ.

ಸದ್ದಿನ ಎಲ್ಲ ಭಾಗಗಳನ್ನೂ ಒಂದೇ ಸಮನಾಗಿ ತಡಮಾಡುವ ಲೀನಿಯರ್ ಫೇಸ್ ಇಕ್ಯೂ ಬೇಕೇ?

ಬೇಡ. ಅದು ತಡ ಹೆಚ್ಚಿಸುತ್ತದೆ. ತಗ್ಗಿನ ಸದ್ದಿನಲ್ಲಿ ಗಟ್ಟಿಯಾಗಿ ಕತ್ತರಿಸಿದರೆ ಕಿಕ್ ಬೀಳುವ ಮೊದಲೇ ಅದರ ನೆರಳಿನಂಥ ಸದ್ದು ಕೇಳಿಸುತ್ತದೆ. ಒಂದೇ ಸದ್ದಿನ ಎರಡು ಪದರಗಳನ್ನು ಬೇರೆ ಬೇರೆಯಾಗಿ ಫಿಲ್ಟರ್ ಮಾಡಿ ಮತ್ತೆ ಕೂಡಿಸುವ ಕೆಲಸವಿದ್ದಾಗ ಅದು ಉಪಯೋಗಕ್ಕೆ ಬಂದೀತು.

ಚೆಂಡೆಯ ರೆಕಾರ್ಡಿಂಗ್ ಮೇಲೆ ಸಿಂಥ್ (ಸಿಂಥಸೈಸರ್, ಎಲೆಕ್ಟ್ರಾನಿಕ್ ವಾದ್ಯ) ಇಟ್ಟರೆ ಎರಡೂ ಜಗಳವಾಡುತ್ತವೆ. ಏನು ಮಾಡಲಿ?

ಕುಂಬಳೆ ಸೀಮೆಯಲ್ಲಿ ಹುಟ್ಟಿದ ಮೇಲೆ ಈ ಪ್ರಶ್ನೆ ಬಾರದೆ ಇರುವುದಿಲ್ಲ. ಯಕ್ಷಗಾನದ ಪಿತಾಮಹನೆನಿಸಿದ ಪಾರ್ತಿಸುಬ್ಬನ ಊರು ಇದು. ಲ್ಯಾಪ್‌ಟಾಪ್ ಕೊಂಡ ಮೂರನೆಯ ತಿಂಗಳಿಗೆ ಎಲ್ಲರೂ ಚೆಂಡೆಯ ಕೆಳಗೆ ಟೆಕ್ನೋ ಕಿಕ್ ಇಟ್ಟು ನೋಡುತ್ತಾರೆ. ಇಟ್ಟು ನೋಡಿ ಬೇಸರಪಡುತ್ತಾರೆ.

ಜಗಳ ಎಲ್ಲಿದೆ ಎಂದು ಮೊದಲು ಹುಡುಕಿ. ನಾನು ಮುಟ್ಟಿದ ರೆಕಾರ್ಡಿಂಗ್‌ಗಳಲ್ಲಿ ಕೋಲು ಚರ್ಮಕ್ಕೆ ಬೀಳುವ ಏಟಿನ ಮೊನೆ ಸುಮಾರು 2ರಿಂದ 5 ಕಿಲೋಹರ್ಟ್ಸ್ ನಡುವೆ ಸಿಕ್ಕಿದೆ. ಗರಗಸದ ಹಲ್ಲಿನಾಕಾರದ ಅಲೆಯ ಸಿಂಥ್‌ನ ಚುರುಕು, ಹೈಹ್ಯಾಟ್‌ನ ಕೆಳಭಾಗ, ಹಾಡುಗಾರನ ವ್ಯಂಜನಗಳು ಎಲ್ಲವೂ ಅಲ್ಲೇ ಬಂದು ಕೂರುತ್ತವೆ. ಚೆಂಡೆಯನ್ನು ಕತ್ತರಿಸಬೇಡಿ. ಆ ಮೊನೆ ಹೋದರೆ ಅದು ಚೆಂಡೆಯಲ್ಲ, ಡಬ್ಬ. ಸಿಂಥ್‌ಗೆ ನೋವಾ ಹಾಕಿ, ಅಲ್ಲೊಂದು ಅಗಲವಾದ ಬ್ಯಾಂಡ್ ಇಡಿ, ಚೆಂಡೆಯನ್ನು ಸೈಡ್‌ಚೈನ್‌ಗೆ ಕೊಡಿ. ಚೆಂಡೆ ನುಡಿದಾಗ ಮಾತ್ರ ಸಿಂಥ್ ಮೂರು ಡೆಸಿಬೆಲ್ ತಗ್ಗಿ ದಾರಿ ಬಿಡುತ್ತದೆ, ನಿಂತ ಕೂಡಲೇ ಮೇಲೇಳುತ್ತದೆ. ಭಾಗವತರು ಪದ ಎತ್ತಿದಾಗ ಚೆಂಡೆಯವರು ಕೈ ಹಗುರ ಮಾಡುವುದನ್ನು ರಾತ್ರಿಯಿಡೀ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮದ್ದಳೆಯ ತಳ ಮತ್ತು ಕಿಕ್ ನಡುವೆ ಇನ್ನೊಂದು ಜಗಳವಿದೆ. ಅಲ್ಲಿ ಇಕ್ಯೂ ಹಿಡಿಯುವ ಮೊದಲು ಕಿಕ್‌ನ ಶ್ರುತಿ ಬದಲಿಸಿ ನೋಡಿ. ಅರ್ಧ ಜಗಳ ಅಲ್ಲೇ ತೀರುತ್ತದೆ.

ರಿವರ್ಬ್‌ಗಳಲ್ಲಿ ಇಷ್ಟೊಂದು ಬಗೆ ಯಾಕೆ? ಪ್ಲೇಟ್, ಹಾಲ್, ಸ್ಪ್ರಿಂಗ್ ಎಂದರೆ ಏನು?

ಪ್ರತಿ ಹೆಸರಿನ ಹಿಂದೆ ಒಂದು ವಸ್ತುವಿದೆ. ಹಾಲ್ ಎಂದರೆ ದೊಡ್ಡ ಸಭಾಂಗಣವೇ. 1957ರಲ್ಲಿ ಜರ್ಮನಿಯ ಇಎಂಟಿ ಕಂಪನಿ ಉಕ್ಕಿನ ದೊಡ್ಡ ತಗಡೊಂದನ್ನು ಚೌಕಟ್ಟಿನಲ್ಲಿ ತೂಗುಹಾಕಿ, ಅದನ್ನು ನಡುಗಿಸಿ ಅನುರಣನ ತೆಗೆಯಿತು. ಅದೇ ಪ್ಲೇಟ್. ಹೊರಲು ನಾಲ್ಕು ಜನ ಬೇಕಾಗುವಷ್ಟು ತೂಕದ ಯಂತ್ರ. ಸ್ಪ್ರಿಂಗ್ ಹ್ಯಾಮಂಡ್ ಆರ್ಗನ್ನುಗಳಲ್ಲಿ, ಆಮೇಲೆ ಗಿಟಾರ್ ಆಂಪ್ಲಿಫೈಯರ್‌ಗಳಲ್ಲಿ ಇದ್ದ ಸುರುಳಿ ತಂತಿ. ಅನುರಣನವನ್ನು ಲೆಕ್ಕದಿಂದಲೇ ಹುಟ್ಟಿಸುವ ದಾರಿಯನ್ನು 1960ರ ದಶಕದ ಆರಂಭದಲ್ಲಿ ಬೆಲ್ ಲ್ಯಾಬ್ಸ್‌ನ ಮ್ಯಾನ್‌ಫ್ರೆಡ್ ಶ್ರೋಡರ್ ತೋರಿಸಿದರು. 1976ರಲ್ಲಿ ಇಎಂಟಿ 250, 1978ರಲ್ಲಿ ಲೆಕ್ಸಿಕನ್ 224 ಎಂಬ ಡಿಜಿಟಲ್ ರಿವರ್ಬ್ ಯಂತ್ರಗಳು ಬಂದವು. ಇಂದಿನ ಅಲ್ಗಾರಿದಂ ರಿವರ್ಬ್‌ಗಳು ಇವುಗಳ ಮೊಮ್ಮಕ್ಕಳು.

ಇನ್ನೊಂದು ಕುಲ ಕನ್ವಲ್ಯೂಷನ್. ಒಂದು ನಿಜವಾದ ಜಾಗದ ಪ್ರತಿಧ್ವನಿಯ ಅಚ್ಚು ತೆಗೆದು ಅದನ್ನೇ ನಿಮ್ಮ ಸದ್ದಿಗೆ ಒತ್ತುತ್ತದೆ. ಆ ಅಚ್ಚಿಗೆ ಇಂಪಲ್ಸ್ ರೆಸ್ಪಾನ್ಸ್ ಎನ್ನುತ್ತಾರೆ. ಜಾಗ ಬೇಕಾದರೆ ಕನ್ವಲ್ಯೂಷನ್, ಬಣ್ಣ ಮತ್ತು ಚಲನೆ ಬೇಕಾದರೆ ಅಲ್ಗಾರಿದಂ. ಎಲೆಕ್ಟ್ರಾನಿಕ್ ಸಂಗೀತದಲ್ಲಿ ಹೆಚ್ಚಾಗಿ ಬೇಕಾಗುವುದು ಎರಡನೆಯದು.

ಹೆಸರು ಹೇಳಿ. ಯಾವ ರಿವರ್ಬ್?

ಪುಕ್ಕಟೆಯಲ್ಲಿ ಡ್ರ್ಯಾಗನ್‌ಫ್ಲೈ. ಹಾಲ್, ರೂಮ್, ಪ್ಲೇಟ್ ಬೇರೆ ಬೇರೆಯಾಗಿ ಬರುತ್ತವೆ, ಲಿನಕ್ಸ್‌ನಲ್ಲೂ ನಡೆಯುತ್ತದೆ. ವಲ್‌ಹಲ್ಲಾದವರ ಸೂಪರ್‌ಮ್ಯಾಸಿವ್ ಕೂಡ ಪುಕ್ಕಟೆ, ಆದರೆ ಅದನ್ನು ಕೋಣೆ ಎಂದುಕೊಂಡು ತೆಗೆಯಬೇಡಿ. ಅದು ಆಕಾಶ. ಪ್ಯಾಡ್‌ಗೆ (ಉದ್ದಕ್ಕೆ ಎಳೆದ ಸಿಂಥ್ ಸ್ವರಗಳಿಗೆ), ನಡುವೆ ಒಮ್ಮೆ ಹಾಡಿದ ಒಂದು ಸ್ವರಕ್ಕೆ ಅದ್ಭುತ. ಡ್ರಮ್ಮಿಗೆ ಹಾಕಿದರೆ ಪ್ರವಾಹ.

ಹಣ ಕೊಡುವುದಾದರೆ ಅದೇ ತಯಾರಕರ ವಿಂಟೇಜ್‌ವರ್ಬ್. ನಾನು ಕೊಳ್ಳುವಾಗ 50 ಡಾಲರ್ ಇತ್ತು. ರಿಯಾಯಿತಿ ಮಾರಾಟದ ಗದ್ದಲ ಎಬ್ಬಿಸುವವರಲ್ಲ, ಆದ್ದರಿಂದ ನವೆಂಬರ್‌ವರೆಗೆ ಕಾಯುವ ಚಟವೂ ಬೇಡ. ನನ್ನ ಟ್ರ್ಯಾಕ್‌ಗಳಲ್ಲಿ ಕೇಳುವ ರಿವರ್ಬ್ ಬಹುಪಾಲು ಇದೇ. ಆದರೆ ಮೊದಲು ಪ್ರಯೋಗದ ಆವೃತ್ತಿ ಇಳಿಸಿ ಕೇಳಿ. ರಿವರ್ಬನ್ನು ಆರಿಸುವಾಗ ಪರದೆ ನೋಡಬೇಡಿ, ಬಾಲ ಕೇಳಿ. ಒಂದು ಚಪ್ಪಾಳೆಯ ಸದ್ದನ್ನು ಅದರೊಳಗೆ ಬಿಟ್ಟು, ಕಣ್ಣು ಮುಚ್ಚಿ, ಅದು ಸಾಯುವ ರೀತಿ ಗಮನಿಸಿ. ಕೆಟ್ಟ ರಿವರ್ಬ್ ಸಾಯುವಾಗ ತಗಡಿನ ಡಬ್ಬದ ಹಾಗೆ ಕಣಕಣ ಎನ್ನುತ್ತದೆ. ಒಳ್ಳೆಯದು ಎಲ್ಲಿ ಮುಗಿಯಿತು ಎಂದು ಗೊತ್ತಾಗದ ಹಾಗೆ ಹೋಗುತ್ತದೆ.

ನಮ್ಮ ಊರಿನ ಜಾಗಗಳ ಅನುರಣನವನ್ನೇ ಹಿಡಿಯಬಹುದೇ?

ಹಿಡಿಯಬಹುದು, ಹಿಡಿಯಬೇಕು ಕೂಡ. ಎಲ್ಲರೂ ಮೊದಲು ಬೇಕಲ ಕೋಟೆ ಎನ್ನುತ್ತಾರೆ. ಹೋಗಿ ನೋಡಿ, ನಿರಾಶೆಯಾಗುತ್ತದೆ. ಅದು ಬಯಲು. ಮೇಲೆ ಮಾಡಿಲ್ಲದಿದ್ದರೆ ಸದ್ದು ಆಕಾಶಕ್ಕೆ ಹೋಗುತ್ತದೆ, ಗೋಡೆಯಿಂದ ಒಂದು ಪ್ರತಿಧ್ವನಿ ಬಂದರೆ ಬಂತು. ನಮ್ಮ ನಿಜವಾದ ಸಂಪತ್ತು ಸುರಂಗ. ನೀರಿಗಾಗಿ ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗಗಳು ಬಾಯಾರು, ಎಣ್ಮಕಜೆ ಕಡೆಯ ತೋಟಗಳಲ್ಲಿ ಇಂದಿಗೂ ನೀರು ಕೊಡುತ್ತಿವೆ. ಒಬ್ಬ ಮನುಷ್ಯ ಹೋಗುವಷ್ಟೇ ಅಗಲ, ಒಳಗೆ ಕತ್ತಲೆ, ಕಾಲಡಿ ನೀರು.

ನಮ್ಮ ಸಂಬಂಧಿಕರ ತೋಟದ ಸುರಂಗದಲ್ಲಿ ನಾನು ಮಾಡಿದ್ದು ಹೀಗೆ. ಬಾಯಿಯಿಂದ ಹತ್ತು ಹೆಜ್ಜೆ ಒಳಗೆ ರೆಕಾರ್ಡರ್ ಇಟ್ಟೆ, ಇನ್ನೂ ಸ್ವಲ್ಪ ಒಳಗೆ ಹೋಗಿ ಬಲೂನು ಒಡೆದೆ. ಬಾವಲಿಗಳು ನನ್ನ ಮುಖದ ಮೇಲಿಂದಲೇ ಹಾರಿಹೋದವು, ಮೊದಲ ರೆಕಾರ್ಡಿಂಗ್‌ನಲ್ಲಿ ನನ್ನ ಕೂಗೂ ಇದೆ. ಎರಡನೆಯ ಬಲೂನಿನಿಂದ ಸಿಕ್ಕಿದ ಅಚ್ಚು ಹಾಲ್‌ನಂತೆಯೂ ಅಲ್ಲ, ಪ್ಲೇಟ್‌ನಂತೆಯೂ ಅಲ್ಲ. ಉದ್ದನೆಯ ಕೊಳವೆಯಲ್ಲಿ ಯಾರೋ ಗುನುಗಿದ ಹಾಗೆ, ಒಂದು ಸ್ವರದ ಕಡೆಗೆ ವಾಲಿದ ಕಪ್ಪು ಧ್ವನಿ. ಅದನ್ನು ಮೆಲ್ಡಾದವರ ಪುಕ್ಕಟೆ ಕನ್ವಲ್ಯೂಷನ್ ಪ್ಲಗಿನ್‌ಗೆ ಕೊಟ್ಟು ಬೆಲ್ ಸಿಂಥ್ ಮೇಲೆ ಇಟ್ಟಾಗ ಮೈ ಜುಂ ಎಂದಿತು.

ಮಾಡುವವರಿಗೆ ಕೆಲವು ಮಾತು. ಮೊಬೈಲ್‌ನಲ್ಲಿ ಹಿಡಿಯುವುದಾದರೆ ಗದ್ದಲ ಕಡಿಮೆ ಮಾಡುವ ಸೌಲಭ್ಯ ಮತ್ತು ತಾನಾಗಿ ಮಟ್ಟ ಏರಿಸುವ ಸೌಲಭ್ಯ ಎರಡನ್ನೂ ಆಫ್ ಮಾಡಿ. ಇಲ್ಲದಿದ್ದರೆ ನಿಮಗೆ ಬೇಕಾದ ಬಾಲವನ್ನೇ ಅದು ಗದ್ದಲವೆಂದು ಅಳಿಸಿಬಿಡುತ್ತದೆ. ಫೈಲು ವೇವ್ ರೂಪದಲ್ಲಿರಲಿ. ಮೊದಲಿನ ಮೌನವನ್ನು ಕತ್ತರಿಸಿ, ಕೊನೆಯನ್ನು ಮೆಲ್ಲಗೆ ಇಳಿಸಿ. ಬಲೂನಿನ ತಗ್ಗಿನ ಸದ್ದು ದುರ್ಬಲ. ಹೆಚ್ಚು ಶುದ್ಧ ಬೇಕಾದವರು ಬ್ಯಾಟರಿ ಸ್ಪೀಕರ್‌ನಲ್ಲಿ ಸೈನ್ ಸ್ವೀಪ್ (ತಗ್ಗಿನಿಂದ ಮೇಲಕ್ಕೆ ಜಾರುತ್ತಾ ಏರುವ ಸ್ವರ) ನುಡಿಸಿ, ಅದರ ರೆಕಾರ್ಡಿಂಗ್‌ನಿಂದ ಸಾಫ್ಟ್‌ವೇರ್‌ನಲ್ಲಿ ಅಚ್ಚಿನ ಲೆಕ್ಕ ಹಾಕಿಸಬೇಕು. ತೋಟದವರನ್ನು ಕೇಳದೆ ಒಳಗೆ ಹೋಗಬೇಡಿ, ಒಬ್ಬರೇ ಹೋಗಬೇಡಿ, ಆಳಕ್ಕೆ ಹೋಗಬೇಡಿ. ಒಳಗೆ ಗಾಳಿ ಕಡಿಮೆ, ಹಾವೂ ಇರುತ್ತದೆ, ಮಳೆಗಾಲದಲ್ಲಿ ಮಣ್ಣೂ ಕುಸಿಯುತ್ತದೆ.

ಧೈರ್ಯ ಸಾಲದವರಿಗೆ ಬಚ್ಚಲಿನ ತಾಮ್ರದ ಹಂಡೆ ಇದೆ. ಖಾಲಿ ಮಾಡಿ, ಮೈಕ್ ಒಳಗೆ ಇಳಿಸಿ, ಬೆರಳಿನಿಂದ ಒಂದು ಪೆಟ್ಟು. ಅಮ್ಮ ಬರುವ ಮೊದಲು ಮುಗಿಸಿ.

ಚೆಂಡೆಗೆ ಯಾವ ರಿವರ್ಬ್ ಹಾಕಲಿ?

ದೊಡ್ಡ ಹಾಲ್ ಬೇಡ. ಬಯಲಾಟ ಹೆಸರೇ ಹೇಳುವಂತೆ ಬಯಲಿನದು. ಗದ್ದೆಯಲ್ಲಿ ನಿಂತು ಕೇಳಿದ ಚೆಂಡೆ ಒಣ ಸದ್ದು, ಎದುರಿನ ಗುಡ್ಡದಿಂದ ಮಾತ್ರ ಒಮ್ಮೆ ಮರಳುತ್ತದೆ. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಗುಡ್ಡ 50 ಮೀಟರ್ ದೂರದಲ್ಲಿದ್ದರೆ ಹೋಗಿ ಬರಲು ಸುಮಾರು 290 ಮಿಲಿಸೆಕೆಂಡ್. ಒಂದು ಡಿಲೇಯನ್ನು ಅಷ್ಟಕ್ಕೆ ಇಟ್ಟು, ಒಮ್ಮೆ ಮಾತ್ರ ಮರಳುವಂತೆ ಮಾಡಿ, ಮೇಲಿನ ಚುರುಕನ್ನು ಕತ್ತರಿಸಿ, ತುಂಬಾ ಮೆಲ್ಲಗೆ ಬೆರೆಸಿ. ಹಾಲ್ ಹಾಕಿದ ಚೆಂಡೆಗಿಂತ ಇದು ನಮ್ಮ ಕಿವಿಗೆ ಹತ್ತಿರ.

ರಿವರ್ಬ್ ಹಾಕಿದ ಕೂಡಲೇ ಎಲ್ಲವೂ ಕಲಸುಮೇಲೋಗರ ಆಗುತ್ತದೆ.

ಪ್ರತಿ ವಾದ್ಯಕ್ಕೂ ಒಂದೊಂದು ರಿವರ್ಬ್ ಹಾಕಿದ್ದೀರಿ ಎಂದು ಊಹಿಸುತ್ತೇನೆ. ತೆಗೆಯಿರಿ. ಎರಡು ಸೆಂಡ್ ಮಾಡಿ, ಅಂದರೆ ಹಲವು ವಾದ್ಯಗಳ ಸದ್ದು ಒಂದೇ ರಿವರ್ಬ್‌ಗೆ ಹೋಗುವ ದಾರಿಗಳು, ಒಂದು ಗಿಡ್ಡ, ಒಂದು ಉದ್ದ. ಎಲ್ಲರೂ ಅದರಲ್ಲೇ ಹಂಚಿಕೊಳ್ಳಲಿ. ರಿವರ್ಬ್‌ನ ಮುಂದೆ ಒಂದು ಇಕ್ಯೂ ಇಟ್ಟು 250 ಹರ್ಟ್ಸ್ ಕೆಳಗಿನದನ್ನು ಒಳಗೆ ಬಿಡಬೇಡಿ. ಮೇಲೆ 7 ಅಥವಾ 8 ಕಿಲೋಹರ್ಟ್ಸ್‌ನಿಂದ ಇಳಿಸಿ. ಕಿಕ್ ಮತ್ತು ಬೇಸ್ ಆ ಸೆಂಡ್ ಕಡೆಗೆ ತಲೆ ಹಾಕುವುದೇ ಬೇಡ.

ಇನ್ನು ಕಾಲದ ಲೆಕ್ಕ. 60,000ವನ್ನು ಬಿಪಿಎಂನಿಂದ (ನಿಮಿಷಕ್ಕೆ ಬೀಳುವ ಬೀಟ್‌ಗಳ ಸಂಖ್ಯೆ) ಭಾಗಿಸಿದರೆ ಒಂದು ಬೀಟ್ ಎಷ್ಟು ಮಿಲಿಸೆಕೆಂಡ್ ಎಂದು ತಿಳಿಯುತ್ತದೆ. 128 ಬಿಪಿಎಂಗೆ ಸುಮಾರು 469. ಅದರ ಹದಿನಾರನೆಯ ಒಂದು ಪಾಲು, ಅಂದರೆ 29 ಮಿಲಿಸೆಕೆಂಡ್, ಪ್ರಿಡಿಲೇಗೆ, ಅಂದರೆ ರಿವರ್ಬ್ ಏಳುವ ಮುಂಚಿನ ಬಿಡುವಿಗೆ, ಹಿತವಾಗಿರುತ್ತದೆ. ಏಟು ಮೊದಲು ಸ್ಪಷ್ಟವಾಗಿ ಬಿದ್ದು ಆಮೇಲೆ ಬಾಲ ಏಳುತ್ತದೆ. ಎರಡು ಬೀಟ್‌ಗೊಮ್ಮೆ ಬೀಳುವ ಕ್ಲ್ಯಾಪ್‌ನ ಬಾಲ 900 ಮಿಲಿಸೆಕೆಂಡ್ ಒಳಗೆ ಮುಗಿಯಲಿ. ಇಷ್ಟು ಇಟ್ಟ ಮೇಲೆ ಲೆಕ್ಕ ಮರೆತು ಕಿವಿಯಿಂದ ಅತ್ತಿತ್ತ ಸರಿಸಿ.

ನನ್ನ ಕೋಣೆಗೂ ಪ್ಲಗಿನ್ ಆಯ್ಕೆಗೂ ಏನು ಸಂಬಂಧ?

ನಮ್ಮ ಅಟ್ಟದ ಕಥೆ ಹೇಳುತ್ತೇನೆ. ಒಂದು ವರ್ಷ ಅಡಿಕೆಗೆ ಒಳ್ಳೆಯ ಧಾರಣೆ ಬಂತು, ಅಪ್ಪ ಚೀಲಗಳನ್ನೆಲ್ಲ ಒಮ್ಮೆಗೇ ಮಾರಿದರು. ಮರುವಾರ ಅಲ್ಲೇ ಸ್ಪೀಕರ್‌ನಲ್ಲಿ ಕೇಳುತ್ತಾ ಮಾಡಿದ ನನ್ನ ಟ್ರ್ಯಾಕ್ ಹೆಡ್‌ಫೋನ್‌ನಲ್ಲಿ ಒಣಗಿದ ಸೌದೆಯ ಹಾಗೆ ಕೇಳಿತು. ರಿವರ್ಬ್ ಇತ್ತು, ಆದರೆ ತೀರ ಕಡಿಮೆ ಹಾಕಿದ್ದೆ. ಪ್ಲಗಿನ್ ಕೆಟ್ಟಿತೆಂದು ಎರಡು ದಿನ ತಡಕಾಡಿದೆ. ಆಮೇಲೆ ಅಟ್ಟದಲ್ಲಿ ಒಂದು ಚಪ್ಪಾಳೆ ಹೊಡೆದಾಗ ತಿಳಿಯಿತು, ಖಾಲಿಯಾದ ಕೋಣೆ ತಾನೇ ರಿವರ್ಬ್ ಸೇರಿಸುತ್ತಿತ್ತು. ಕಿವಿಗೆ ಸಾಕೆನಿಸಿದ್ದರಿಂದ ನಾನು ಕೈ ಬಿಗಿ ಹಿಡಿದಿದ್ದೆ. ಹಳೆಯ ಹಾಸಿಗೆ, ಕಂಬಳಿಗಳನ್ನು ಗೋಡೆಗೆ ಒರಗಿಸಿದ ಮೇಲೆ ಸರಿಹೋಯಿತು.

ಇಕ್ಯೂಗೂ ಇದೇ ಗತಿ. ಎದುರುಬದಿರು ಗೋಡೆಗಳ ನಡುವೆ ಮೂರೂವರೆ ಮೀಟರ್ ಇದ್ದರೆ 49 ಹರ್ಟ್ಸ್ ಸುತ್ತ ಬೇಸ್ ಒಂದು ಕಡೆ ಉಬ್ಬುತ್ತದೆ, ಇನ್ನೊಂದು ಕಡೆ ಮಾಯವಾಗುತ್ತದೆ. ನೀವು ಕೂತ ಜಾಗದಲ್ಲಿ ಉಬ್ಬಿದ್ದರೆ ಇಕ್ಯೂವಿನಲ್ಲಿ ಅದನ್ನು ಕತ್ತರಿಸುತ್ತೀರಿ, ಬೇರೆಯವರ ಮನೆಯಲ್ಲಿ ಟ್ರ್ಯಾಕ್‌ಗೆ ತಳವೇ ಇರುವುದಿಲ್ಲ. ತಗ್ಗಿನ ಸದ್ದಿಗೆ ಹೆಡ್‌ಫೋನ್ ಮತ್ತು ಸದ್ದನ್ನು ಪರದೆಯ ಮೇಲೆ ರೇಖೆಯಾಗಿ ತೋರಿಸುವ ವಾಕ್ಸೆಂಗೋದವರ ಪುಕ್ಕಟೆ ಸ್ಪ್ಯಾನ್ ಅನಲೈಸರ್ ನಂಬಿ. ಆಟಿಯ ಮಳೆ ಹಂಚಿನ ಮೇಲೆ ಸುರಿಯುವಾಗ ರಿವರ್ಬ್‌ನ ಬಾಲವನ್ನು ತೀರ್ಮಾನಿಸಲು ಹೋಗಬೇಡಿ. ಆ ದಿನ ಸಿಂಥ್ ನುಡಿಸಿ, ಇಲ್ಲವೇ ಹಪ್ಪಳ ತಿನ್ನಿ.

ಬೀಗ ಮುರಿದು ಕ್ರ್ಯಾಕ್ ಮಾಡಿದ ಪ್ಲಗಿನ್ ಸಿಗುತ್ತದಲ್ಲ?

ಸಿಗುತ್ತದೆ, ವೈರಸ್ ಜೊತೆಗೆ. ಮೇಲೆ ಹೇಳಿದ ಪುಕ್ಕಟೆಯವುಗಳಲ್ಲೇ ಕೆಲಸ ಆಗುವಾಗ ಕದಿಯುವ ಕಷ್ಟ ಯಾಕೆ?

ಡಾಲರ್‌ನಲ್ಲಿ ಪಾವತಿ ಹೇಗೆ?

ಕಾರ್ಡಿನಲ್ಲಿ ಅಂತರರಾಷ್ಟ್ರೀಯ ಆನ್‌ಲೈನ್ ವ್ಯವಹಾರವನ್ನು ಬ್ಯಾಂಕಿನ ಆ್ಯಪ್‌ನಲ್ಲಿ ತೆರೆಯಬೇಕು, ಕೊಂಡ ಮೇಲೆ ಮುಚ್ಚಿಬಿಡಿ. ಕೆಲವು ಅಂಗಡಿಗಳು ಶೇಕಡಾ 18 ಜಿಎಸ್‌ಟಿ ಸೇರಿಸುತ್ತವೆ, ಬ್ಯಾಂಕು ವಿನಿಮಯ ಶುಲ್ಕ ಹಾಕುತ್ತದೆ. 50 ಡಾಲರ್ ಎಂದದ್ದು 60ರ ಹತ್ತಿರ ಹೋಗುತ್ತದೆ ಎಂದುಕೊಂಡೇ ಹೊರಡಿ. ಪರವಾನಗಿ ಕಾಯುವ ಐಲಾಕ್ ಖಾತೆ ಬೇಕೇ, ಪ್ಲಗಿನ್‌ಗೆ ನಿಮ್ಮ ಸಾಫ್ಟ್‌ವೇರ್‌ಗೆ ಹೊಂದುವ ವಿಎಸ್‌ಟಿ3 ಅಥವಾ ಎಯು ರೂಪ ಇದೆಯೇ ಎಂದು ಹಣ ಕೊಡುವ ಮೊದಲೇ ನೋಡಿ.

ಸ್ಟೀರಿಯೋದಲ್ಲಿ ಅಗಲವಾಗಿ ಚೆನ್ನಾಗಿತ್ತು. ಊರಿನ ಕಾರ್ಯಕ್ರಮದಲ್ಲಿ ಹಾಕಿದಾಗ ಅರ್ಧ ಮಾಯ. ಯಾಕೆ?

ಊರಿನ ಧ್ವನಿವರ್ಧಕಗಳು ಸಾಮಾನ್ಯವಾಗಿ ಮೋನೋ. ಎಡಬಲಗಳನ್ನು ಒಂದೇ ತಂತಿಗೆ ಸೇರಿಸುತ್ತವೆ. ಎಡಕ್ಕೂ ಬಲಕ್ಕೂ ಫೇಸ್ ಬೇರೆ ಮಾಡಿ ಅಗಲ ತೋರಿಸುವ ರಿವರ್ಬ್ ಅಲ್ಲಿ ತನ್ನನ್ನು ತಾನೇ ತಿಂದುಕೊಳ್ಳುತ್ತದೆ. ಒಂದು ಕ್ಲಬ್ಬಿನ ವಾರ್ಷಿಕೋತ್ಸವದಲ್ಲಿ ನನ್ನ ಟ್ರ್ಯಾಕ್ ಹಾಕಿದ್ದರು. ಪ್ಯಾಡ್‌ಗಳೆಲ್ಲ ರಿವರ್ಬ್‌ನಲ್ಲೇ ತೇಲುತ್ತಿದ್ದ ಟ್ರ್ಯಾಕ್ ಅದು. ಮೈದಾನದಲ್ಲಿ ಕೇಳಿದ್ದು ಬರೀ ಕಿಕ್. ನಾಲ್ಕು ನಿಮಿಷ ಡುಂ ಡುಂ ಕೇಳಿ ಮುಗಿದ ಮೇಲೆ ನಮ್ಮ ಸೋದರಮಾವ ಬಂದು, "ನಿನ್ನ ಹಾಡು ಯಾವಾಗ ಶುರುವಾಗುವುದು ಮಾರಾಯ?" ಎಂದರು.

ಅಂದಿನಿಂದ ಮಾಸ್ಟರ್‌ನಲ್ಲಿ ಮೋನೋ ಗುಂಡಿ ಕೈಗೆಟಕುವಲ್ಲೇ ಇಟ್ಟಿದ್ದೇನೆ. ಮಿಕ್ಸ್‌ನ ನಡುನಡುವೆ ಅದನ್ನು ಒತ್ತಿ, ಪ್ಯಾಡ್ ಅರ್ಧಕ್ಕಿಂತ ತಗ್ಗಿದರೆ ರಿವರ್ಬ್‌ನ ಅಗಲವನ್ನು 60 ಶೇಕಡಾಕ್ಕೆ ಇಳಿಸುತ್ತೇನೆ, ಒಣ ಸದ್ದನ್ನು ಸ್ವಲ್ಪ ಏರಿಸುತ್ತೇನೆ. ಕಳಿಸುವ ಮೊದಲು ಒಮ್ಮೆ ಮೊಬೈಲ್‌ನ ಒಂದೇ ಸ್ಪೀಕರ್‌ನಲ್ಲಿ, ಅಡುಗೆಮನೆಯಲ್ಲಿ ಮಿಕ್ಸಿ ತಿರುಗುತ್ತಿರುವಾಗ, ಕೇಳುತ್ತೇನೆ.